ತೊಟ್ಟಿಯ ಮುಂದೆ ಹದಿನಾಲ್ಕು ತಿಂಗಳು

ದೊಡ್ಡ ಊಟದ ಮನೆಗಳ ವಿಷಯವಾಗಿ ಬರೆದವರೆಲ್ಲ ಬಹುಮಟ್ಟಿಗೆ ಅಲ್ಲಿ ಉಂಡವರು; ಇಲ್ಲವೇ ಅಡಿಗೆ ಮಾಡಿದವರು. ಉಂಡ ತಟ್ಟೆ ಅನಂತರ ಎಲ್ಲಿಗೆ ಹೋಯಿತೆಂಬುದನ್ನು ಕುರಿತು ಬರೆದವರು ಅಪರೂಪ. ತಟ್ಟೆ ಬಂದ ದಾರಿ ಎಲ್ಲರಿಗೂ ಬೇಕು. ಹೋದ ದಾರಿ ಯಾರಿಗೂ ಬೇಡ. 2010ನೆಯ ಇಸವಿಯ ಅಕ್ಟೋಬರಿನಿಂದ ಮರುವರ್ಷದ ನವೆಂಬರಿನವರೆಗೆ, ಲಂಡನ್ನಿನ ಒಂದು ಭಾರಿ ಹೆಸರಿನ ಊಟದ ಮನೆಯಲ್ಲಿ, ಆ ಎರಡನೆಯ ದಾರಿಯ ಕೊನೆಯಲ್ಲಿ ನಿಂತಿದ್ದವನು ನಾನು. ಆದ್ದರಿಂದ ಆ ವಿಷಯದಲ್ಲಿ ನಾಲ್ಕು ಮಾತು ಹೇಳುವ ಅಧಿಕಾರ ನನಗುಂಟೆಂದು ಭಾವಿಸಿದ್ದೇನೆ.

ಆ ಕೆಲಸ ಮಾಡುವವನಿಗೆ ಫ್ರೆಂಚರು ಇಟ್ಟಿರುವ ಹೆಸರು 'ಪ್ಲೋಂಜರ್'. ಮುಳುಗುಗಾರ ಎಂದು ಅದರ ಅರ್ಥ. ಕಡಲಿಗೆ ಧುಮುಕುವವನಿಗೂ ಅದೇ ಶಬ್ದ ಸಲ್ಲುತ್ತದೆ. ಸಾಬೂನಿನ ನೀರಿನಲ್ಲಿ ಮೊಳಕೈವರೆಗೆ ಮುಳುಗಿ ನಿಂತವನನ್ನು ಹಾಗೆ ಕರೆದವನು ಯಾರೋ ರಸಿಕನೇ ಇರಬೇಕು. ಇಂಗ್ಲಿಷರು ರಸಿಕತೆಯ ಗೊಡವೆಗೆ ಹೋಗದೆ 'ಕಿಚನ್ ಪೋರ್ಟರ್' ಎಂದು ಬಿಟ್ಟರು. ನಮ್ಮ ದಕ್ಷಿಣ ಕನ್ನಡದ ಹೋಟೆಲಿನವರ ಪರಿಭಾಷೆಯಲ್ಲಿ ಅವನು 'ಕ್ಲೀನರ್'. ಮುಂಬಯಿಯಲ್ಲಾಗಲಿ ಮದರಾಸಿನಲ್ಲಾಗಲಿ ಉಡುಪಿ ಹೋಟೆಲೆಂಬ ಏಣಿಯ ಅತಿ ಕೆಳಗಿನ ಮೆಟ್ಟಿಲು ಅದು. ಮೇಲಿನದು ಸಪ್ಲೈಯರ್, ಅದರ ಮೇಲಿನದು ಅಡಿಗೆಯವ, ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವನು ಎಲ್ಲರಿಗಿಂತ ಮೇಲೆ. ಮನೆಯಲ್ಲಾದರೆ ಇದನ್ನು ಮುಸುರೆ ತಿಕ್ಕುವುದು ಎನ್ನುತ್ತೇವೆ. ಹಾಗೆಂದು ಹೆಂಗಸರ ಪಾಲಿಗೆ ಬಿಟ್ಟು ಕೈತೊಳೆದು ಏಳುತ್ತೇವೆ.

ನಾನು ಆ ದೇಶಕ್ಕೆ ಹೋದದ್ದು ಚರಿತ್ರೆಯಲ್ಲಿ ಎಂ.ಎ. ಓದುವುದಕ್ಕೆ. ವಿದ್ಯಾರ್ಥಿಯಾಗಿ ಹೋದವನು ಪಾಠದ ದಿನಗಳಲ್ಲಿ ವಾರಕ್ಕೆ ಇಪ್ಪತ್ತು ಗಂಟೆ ದುಡಿಯಬಹುದೆಂದು ಆಗಿನ ನಿಯಮ. ಕಾನೂನಿನ ಕನಿಷ್ಠ ಕೂಲಿ ಗಂಟೆಗೆ 5 ಪೌಂಡು 93 ಪೆನ್ಸು. ವಾರಕ್ಕೆ 118 ಪೌಂಡಿನ ಮೇಲೆ ಚಿಲ್ಲರೆ. ಬ್ಯಾಂಕಿನ ಸಾಲ ತಲೆಯ ಮೇಲಿದ್ದವನಿಗೆ ಅದು ಸಣ್ಣ ಮೊತ್ತವಲ್ಲ. ಆದರೆ ಹಣದ ಮಾತು ಅರ್ಧ ಮಾತ್ರ. ಅದಕ್ಕೆ ಹಿಂದಿನ ವರ್ಷ ನನ್ನ ತಂದೆ ತೀರಿಕೊಂಡಿದ್ದರು. ಅದಕ್ಕೂ ಮೊದಲು ನಾಲ್ಕು ವರ್ಷ ನಾನು ಒಂದು ಖಾಸಗಿ ಕಾಲೇಜಿನಲ್ಲಿ ಪಾಠ ಹೇಳಿದ್ದೆ. ಹೇಳಿದ್ದು ಯಾರಿಗೆ ತಲುಪಿತು, ತಲುಪದಿದ್ದರೆ ಯಾರಿಗೆ ನಷ್ಟ ಎಂಬುದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಲಂಡನ್ನಿನ ಗ್ರಂಥಾಲಯದಲ್ಲಿ ಕುಳಿತು ಕಂಪನಿ ಸರಕಾರದ ಬಂದರು ಲೆಕ್ಕಗಳ ಮೇಲೆ ಪ್ರಬಂಧ ಬರೆಯುತ್ತಿದ್ದಾಗಲೂ ಅದೇ ಪ್ರಶ್ನೆ. ಒಳ್ಳೆಯ ಅಂಕಗಳೇ ಬರುತ್ತಿದ್ದವು. ಆ ಪ್ರಬಂಧವನ್ನು ಬರೆಯದೆ ಬಿಟ್ಟಿದ್ದರೆ ಲೋಕದಲ್ಲಿ ಒಬ್ಬನಿಗಾದರೂ ಅದು ಇಲ್ಲವೆಂದು ತಿಳಿಯುತ್ತಿತ್ತೇ? ಈ ಬಗೆಯ ಪ್ರಶ್ನೆ ರಾತ್ರಿ ಎರಡು ಗಂಟೆಗೆ ಮನುಷ್ಯನನ್ನು ಹಿಡಿದರೆ ಬೆಳಗಿನವರೆಗೆ ಬಿಡುವುದಿಲ್ಲ.

ಊಟದ ಮನೆಯ ಮುಂಭಾಗ ಹೇಗಿತ್ತೆಂದು ಹೇಳುವುದು ನನ್ನಿಂದಾಗದು. ಆ ಬಾಗಿಲಿನಿಂದ ನಾನು ಒಮ್ಮೆಯೂ ಒಳಹೊಕ್ಕವನಲ್ಲ. ಹಿಂದಿನ ಗಲ್ಲಿಯಲ್ಲಿ ಕಬ್ಬಿಣದ ಬಾಗಿಲು, ಕೆಳಕ್ಕೆ ಹದಿನೆಂಟು ಮೆಟ್ಟಿಲು, ನೆಲಮಾಳಿಗೆಯಲ್ಲಿ ಅಡಿಗೆಮನೆ, ಅದರ ಮೂಲೆಯಲ್ಲಿ ಕಿಟಕಿಯಿಲ್ಲದ ನಮ್ಮ ಕೋಣೆ. ಐವತ್ತು ಜನ ಕುಳಿತುಣ್ಣುವ ಸ್ಥಳ. ಏಳು ಬಡಿಸಾಣಿಕೆಯ ರಾತ್ರಿಯೂಟಕ್ಕೆ 85 ಪೌಂಡು, ಎಂದರೆ ನನ್ನ ಹದಿನಾಲ್ಕು ಗಂಟೆಯ ಕೂಲಿಗೂ ಮಿಕ್ಕಿದ ಹಣ. ಒಬ್ಬ ಅತಿಥಿಗೆ ಏಳು ಬಾರಿ ತಟ್ಟೆ ಬದಲಾಗಬೇಕು. ಐವತ್ತು ಜನಕ್ಕೆ ಮುನ್ನೂರೈವತ್ತಾಯಿತು. ರೊಟ್ಟಿಯ ತಟ್ಟೆ, ಬೆಣ್ಣೆಯ ಬಟ್ಟಲು, ನೀರಿನ ಲೋಟ, ಮೂರೋ ನಾಲ್ಕೋ ಮದ್ಯದ ಲೋಟ, ಪ್ರತಿ ಬಡಿಸಾಣಿಕೆಗೂ ಬೇರೆ ಚಮಚ ಮುಳ್ಳುಚಮಚಗಳು ಇದರ ಮೇಲೆ. ಬಾಳೆಲೆಯ ನಾಡಿನವನಿಗೆ ಇದು ತಲೆತಿರುಗುವ ಲೆಕ್ಕ. ನಮ್ಮಲ್ಲಿ ಇನ್ನೂರು ಜನ ಉಂಡೆದ್ದರೆ ಎಲೆಯನ್ನು ಮಡಿಸಿ ಹಿತ್ತಿಲಿಗೆ ಎಸೆದರೆ ತೀರಿತು, ಹಸುವಿಗೂ ಸಂತೋಷ.

ಅಲ್ಲಿ ನನಗೆ ಗುರುವಾಗಿದ್ದವರು ಘಾನಾ ದೇಶದ ಒಬ್ಬ ಹಿರಿಯರು. ಹತ್ತೊಂಬತ್ತು ವರ್ಷದಿಂದ ಲಂಡನ್ನಿನ ಅಡಿಗೆಮನೆಗಳಲ್ಲಿ ಪಾತ್ರೆ ತೊಳೆದವರು. ಮಾತು ಕಡಮೆ. ಮೊದಲ ದಿನ ಅವರು ಕಲಿಸಿದ್ದು ಒಂದೇ ಪಾಠ: ಚಾಕುವನ್ನು ಎಂದಿಗೂ ತೊಟ್ಟಿಯೊಳಕ್ಕೆ ಹಾಕಕೂಡದು. ನೊರೆಯ ಅಡಿಯಲ್ಲಿ ಮುಳುಗಿದ ಚಾಕು ಮುಂದೆ ಕೈಯಿಡುವವನಿಗೆ ಕಾಣುವುದಿಲ್ಲ. ಆದ್ದರಿಂದ ಅದನ್ನು ಕೈಯಲ್ಲಿ ಹಿಡಿದೇ ತೊಳೆದು, ಒರೆಸಿ, ಅದರ ಒಡೆಯನಾದ ಅಡಿಗೆಯವನ ಹಲಗೆಯ ಮೇಲೆ ಹಿಡಿ ಅವನ ಕಡೆಗಿರುವಂತೆ ಇಟ್ಟು ಬರಬೇಕು. ಎರಡನೆಯ ದಿನ ಕ್ರಮ ಕಲಿಸಿದರು. ಗಾಜಿಗೆ ಬೇರೆ ಯಂತ್ರ. ಜಿಡ್ಡು ಅದರ ಹತ್ತಿರ ಸುಳಿಯಬಾರದು. ಚಮಚಗಳು ಮೊದಲು ಬಿಸಿನೀರಿನಲ್ಲಿ ನೆನೆಯಬೇಕು. ತಟ್ಟೆಯನ್ನು ಕೆರೆದು, ಚಿಮ್ಮುನೀರಿನಲ್ಲಿ ತೊಯ್ಯಿಸಿ, ಒಂದೇ ಗಾತ್ರದವುಗಳನ್ನು ಒಂದೇ ಚೌಕಟ್ಟಿಗೆ ಜೋಡಿಸಿ ಯಂತ್ರದ ಮುಸುಕನ್ನು ಇಳಿಸಬೇಕು. ಒಳಗೆ ಐವತ್ತೈದರಿಂದ ಅರವತ್ತು ಡಿಗ್ರಿಯ ನೀರು ತೊಳೆಯುತ್ತದೆ. ಕೊನೆಗೆ ಎಂಬತ್ತೆರಡು ಡಿಗ್ರಿಯ ನೀರು ಕ್ರಿಮಿಗಳನ್ನು ಕೊಲ್ಲುತ್ತದೆ. ಅಷ್ಟು ಬಿಸಿಯಾದ ತಟ್ಟೆ ತಾನಾಗಿಯೇ ಒಣಗುವುದರಿಂದ ಅದನ್ನು ಬಟ್ಟೆಯಿಂದ ಒರೆಸುವುದು ಅಪರಾಧ. ಕೊಂದ ಕ್ರಿಮಿಯನ್ನು ಬಟ್ಟೆ ಮತ್ತೆ ತಂದು ಅಂಟಿಸುತ್ತದೆ. ತಾಮ್ರದ ಪಾತ್ರೆಗೆ ಯಂತ್ರವಿಲ್ಲ. ಉಪ್ಪು, ಹುಳಿ, ತೋಳಿನ ಬಲ. ನಮ್ಮಜ್ಜಿ ಹುಣಿಸೆಹಣ್ಣಿನಲ್ಲಿ ದೇವರ ಪಾತ್ರೆ ಬೆಳಗುತ್ತಿದ್ದರಲ್ಲ, ಅದೇ ವಿದ್ಯೆ. ಹುಣಿಸೆಯ ಬದಲು ಅಲ್ಲಿ ವಿನಿಗರ್.

ಯಂತ್ರದ ಮಾತು ಬಂದದ್ದರಿಂದ ಒಂದು ಉಪಕಥೆ. ಪಾತ್ರೆ ತೊಳೆಯುವ ಯಂತ್ರವನ್ನು ಬಳಕೆಗೆ ಬರುವಂತೆ ಮೊದಲು ನಿರ್ಮಿಸಿದವರು ಅಮೆರಿಕದ ಜೋಸೆಫೀನ್ ಕಾಕ್ರೇನ್ ಎಂಬ ಮಹಿಳೆ; ಅವರಿಗೆ ಅದರ ಹಕ್ಕುಪತ್ರ ದೊರೆತದ್ದು 1886ರಲ್ಲಿ. ಆಳುಗಳು ತೊಳೆಯುವಾಗ ಮನೆಯ ಬೆಲೆಬಾಳುವ ಪಿಂಗಾಣಿಯ ಅಂಚು ಮುಕ್ಕಾಗುತ್ತಿತ್ತೆಂಬುದು ಆ ಸಿರಿವಂತೆಯ ದೂರು. 1893ರ ಚಿಕಾಗೋ ಮಹಾಪ್ರದರ್ಶನದಲ್ಲಿ ಅವರ ಯಂತ್ರಗಳು ಕೆಲಸ ಮಾಡಿ ತೋರಿಸಿದವು. ಅದೇ ವರ್ಷ ಅದೇ ಊರಿನಲ್ಲಿ ವಿವೇಕಾನಂದರು ಮಾತಾಡಿದ್ದನ್ನು ನಾವೆಲ್ಲ ಬಲ್ಲೆವು. ಈ ಸಂಗತಿ ನಮ್ಮ ಪಠ್ಯಪುಸ್ತಕಗಳಿಗೆ ಬಂದಂತಿಲ್ಲ. ಪಿಂಗಾಣಿಗಾಗಿ ಹುಟ್ಟಿದ ಯಂತ್ರ ಕೊನೆಗೆ ಆಳುಗಳ ಬೆನ್ನನ್ನೂ ಕೊಂಚ ಉಳಿಸಿತು. ಪೂರ್ತಿಯಾಗಿ ಅಲ್ಲ. ತಟ್ಟೆಯ ಮೇಲಿನ ಎಂಜಲನ್ನು ಕೆರೆಯುವುದಕ್ಕೆ ಇಂದಿಗೂ ಮನುಷ್ಯನ ಕೈಯೇ ಆಗಬೇಕು.

ಎಂಜಲು! ಈ ಮಾತಿಗೆ ಇಂಗ್ಲಿಷಿನಲ್ಲಿ ಶಬ್ದವಿಲ್ಲ. ಉಳಿದ ಆಹಾರ ಎಂದಾರೇ ಹೊರತು, ಬಾಯಿ ತಾಗಿದ್ದರಿಂದ ಅದಕ್ಕೆ ಬಂದೊದಗಿದ ಮೈಲಿಗೆಯನ್ನು ಹೇಳಲಾರರು. ನಾನು ಬೆಳೆದ ಮನೆಯಲ್ಲಿ ಉಂಡ ಸ್ಥಳಕ್ಕೆ ಗೋಮಯ ಹಚ್ಚುವವರೆಗೆ ಯಾರೂ ಅತ್ತ ಕಾಲಿಡುತ್ತಿರಲಿಲ್ಲ. ಹಚ್ಚುವವಳು ತಾಯಿ ಅಥವಾ ಅತ್ತೆ. ಬೇರೆಯವರ ಎಂಜಲನ್ನು ಎತ್ತುವವರು ಯಾರು, ಎತ್ತಿಸಿಕೊಳ್ಳುವವರು ಯಾರು ಎಂಬುದರ ಮೇಲೆಯೇ ನಮ್ಮ ಸಮಾಜದ ಮೇಲುಕೀಳಿನ ಬಹುಪಾಲು ನಿಂತಿದೆಯೆಂದರೆ ಉತ್ಪ್ರೇಕ್ಷೆಯಾಗಲಾರದು. ರಾಜಸೂಯದಲ್ಲಿ ಕೃಷ್ಣ ಎಂಜಲೆಲೆ ತೆಗೆದನೆಂದು ಹರಿದಾಸರು ಕಣ್ಣೀರು ತುಂಬಿ ಹೇಳುವ ಕಥೆಯನ್ನು ತಲೆದೂಗುತ್ತ ಕೇಳಿ, ಮನೆಗೆ ಬಂದು ಉಂಡ ಎಲೆಯನ್ನು ಅಲ್ಲಿಯೇ ಬಿಟ್ಟೇಳುವವರು ನಾವು. ಸಸ್ಯಾಹಾರದಲ್ಲಿ ಬೆಳೆದ ನನಗೆ ಆ ಕೋಣೆಯಲ್ಲಿ ಬಂದು ಬೀಳುತ್ತಿದ್ದ ಮೂಳೆ, ಕೊಬ್ಬು, ಮೀನಿನ ಸಿಪ್ಪೆಗಳ ವಾಸನೆ ಮೂರು ವಾರ ಊಟ ಸೇರದಂತೆ ಮಾಡಿತು. ನಾಲ್ಕನೆಯ ವಾರ ಸೇರಿತು. ಇದರಲ್ಲಿ ತತ್ತ್ವಜ್ಞಾನವೇನೂ ಇರಲಿಲ್ಲ; ಹಸಿವಾಗಿತ್ತು.

ಆ ಅಡಿಗೆಮನೆಯಲ್ಲಿದ್ದ ಶಿಸ್ತು ಸೈನ್ಯದ್ದು. ಅದರ ಕರ್ತೃ ಫ್ರಾನ್ಸಿನ ಒಗ್ಯುಸ್ತ್ ಎಸ್ಕಾಫಿಯೆ. 1846ರಲ್ಲಿ ಹುಟ್ಟಿ ಹದಿಮೂರನೆಯ ವಯಸ್ಸಿಗೆ ನೀಸ್ ನಗರದಲ್ಲಿ ಬಂಧುವೊಬ್ಬನ ಊಟದ ಮನೆಯಲ್ಲಿ ಕೆಲಸಕ್ಕೆ ನಿಂತವನು. 1870ರ ಯುದ್ಧದಲ್ಲಿ ದಂಡಿನ ಅಡಿಗೆಯವನಾಗಿದ್ದವನು. ಎಷ್ಟು ಕುಳ್ಳನೆಂದರೆ ಒಲೆಯ ಝಳ ಮುಖಕ್ಕೆ ಬಡಿಯದಿರಲೆಂದು ಎತ್ತರದ ಹಿಮ್ಮಡಿಯ ಪಾದರಕ್ಷೆ ತೊಡುತ್ತಿದ್ದನಂತೆ. 1890ರಲ್ಲಿ ಲಂಡನ್ನಿನ ಸವಾಯ್ ಹೋಟೆಲಿಗೂ, ಆ ಶತಮಾನದ ಕೊನೆಗೆ ಕಾರ್ಲ್ಟನ್ ಹೋಟೆಲಿಗೂ ಬಂದು, ಅಡಿಗೆಯವರನ್ನು ಪಡೆಯಂತೆ ವಿಭಾಗಿಸಿದ: ಸಾರಿನವನೊಬ್ಬ, ಮೀನಿನವನೊಬ್ಬ, ತರಕಾರಿಯವನೊಬ್ಬ, ಎಲ್ಲರ ಮೇಲೆ ಒಬ್ಬ ದಂಡನಾಯಕ. ಬೈಗುಳ ಮತ್ತು ಕುಡಿತಗಳನ್ನು ಒಲೆಯ ಬಳಿಯಿಂದ ಓಡಿಸಲು ಯತ್ನಿಸಿದ್ದು ಅವನ ದೊಡ್ಡ ಗುಣ. ಈ ಪಡೆಯ ಪಟ್ಟಿಯಲ್ಲಿ ಕೊನೆಯ ಸಾಲಿನ ಕೊನೆಯ ಹೆಸರು ಮುಳುಗುಗಾರನದು. ಕಾರ್ಲ್ಟನ್ ಈಗಿಲ್ಲ, ಅದಿದ್ದ ಹೇಮಾರ್ಕೆಟ್ ಬೀದಿಯಲ್ಲಿ ನ್ಯೂಜಿಲೆಂಡ್ ಹೌಸ್ ಎಂಬ ಕಟ್ಟಡವಿದೆ. ಅದರ ಗೋಡೆಯ ಮೇಲೊಂದು ಫಲಕ: ಆಧುನಿಕ ವಿಯೆಟ್ನಾಮಿನ ಸ್ಥಾಪಕ ಹೊ ಚಿ ಮಿನ್ 1913ರಲ್ಲಿ ಅಲ್ಲಿದ್ದ ಹೋಟೆಲಿನಲ್ಲಿ ಕೆಲಸ ಮಾಡಿದ್ದರೆಂದು. ಬಿಡುವಿನ ದಿನ ನಾನು ಅದನ್ನು ನೋಡಲೆಂದೇ ಹೋಗಿದ್ದೆ. ಬಸ್ಸಿಗೆ ಓಡುವವರು ಯಾರೂ ಅದರತ್ತ ತಲೆಯೆತ್ತುತ್ತಿರಲಿಲ್ಲ.

ಪಟ್ಟಿಯಲ್ಲಿ ಕೊನೆಯವನಾದರೂ ಅವನು ನಿಂತರೆ ಪಡೆಯೇ ನಿಲ್ಲುತ್ತದೆಂಬುದು ನನಗೆ ಪ್ರತ್ಯಕ್ಷವಾದದ್ದು ಒಂದು ಶನಿವಾರ, 2010ರ ಡಿಸೆಂಬರ್ 18ರಂದು. ಆ ದಿನ ಲಂಡನ್ನಿನ ಮೇಲೆ ಹಿಮ ಸುರಿದು ಹೀತ್ರೋ ವಿಮಾನ ನಿಲ್ದಾಣ ಮುಚ್ಚಿಹೋಯಿತು. ಊರು ಬಿಡಲಾಗದೆ ಉಳಿದವರು ಎಲ್ಲಿಯಾದರೂ ಉಣ್ಣಲೇಬೇಕಲ್ಲ. ನಮ್ಮಲ್ಲಿ ಒಂದು ಕುರ್ಚಿಯೂ ಬರಿದಾಗಿರಲಿಲ್ಲ. ತೊಳೆಯುವವರು ನಾಲ್ವರಲ್ಲಿ ಇಬ್ಬರು ಬರಲಾಗಲಿಲ್ಲ. ಹಿರಿಯರು ಐದು ಮೈಲಿ ನಡೆದು ಬಂದಿದ್ದರು. ಎಂಟು ಗಂಟೆಯ ಸುಮಾರಿಗೆ ಯಂತ್ರದ ನೀರು ಕಾಯಿಸುವ ಸುರುಳಿ ಸುಟ್ಟುಹೋಯಿತು. ಇನ್ನು ಕೈಯೇ ಗತಿ. ಮೂರು ತೊಟ್ಟಿ: ಒಂದರಲ್ಲಿ ಸಾಬೂನು, ಒಂದರಲ್ಲಿ ತೆಳಿನೀರು, ಮೂರನೆಯದರಲ್ಲಿ ಒಲೆಯ ಮೇಲಿಂದ ತಂದು ಸುರಿದ ಕುದಿನೀರು. ಅರ್ಧ ಗಂಟೆಯಲ್ಲಿ ತಟ್ಟೆಗಳ ರಾಶಿ ನನ್ನ ಎದೆಯೆತ್ತರಕ್ಕೆ ಬಂತು. ಒಳಗಿನಿಂದ ಕೂಗು: ಸಾಸಿನ ಪಾತ್ರೆ ಇಲ್ಲ, ನಾಲ್ಕನೆಯ ಬಡಿಸಾಣಿಕೆಯ ತಟ್ಟೆ ಇಲ್ಲ. ಮುನ್ನೂರು ವಿಧದ ಪಾಕ ಬಲ್ಲ ಅಡಿಗೆಯವರು ಬರಿಗೈಯಲ್ಲಿ ನಿಂತುಬಿಟ್ಟರು. ಆಗ ಪಡೆಯ ದಂಡನಾಯಕನೇ ಬಂದ. ಬಿಳಿಯ ಅಂಗಿಯ ತೋಳು ಮಡಿಸಿ, ಮೂರನೆಯ ತೊಟ್ಟಿಯ ಮುಂದೆ ನಿಂತು, ಹಿರಿಯರ ಕಡೆ ತಿರುಗಿ, ಏನು ಮಾಡಲೆಂದು ಕೇಳಿದ. ಅವರು ಹೇಳಿದರು, ಅವನು ಮಾಡಿದ. ಮೂರು ಗಂಟೆಯ ಕಾಲ ಆ ನೆಲಮಾಳಿಗೆಯಲ್ಲಿ ಅಪ್ಪಣೆ ಕೊಡುತ್ತಿದ್ದವರು ಘಾನಾದ ಆ ಮಿತಭಾಷಿಯೇ. ಮೇಲೆ ಉಣ್ಣುತ್ತಿದ್ದವರಿಗೆ ಇದಾವುದೂ ತಿಳಿಯಲಿಲ್ಲ. ತಿಳಿಯದಂತೆ ಮಾಡುವುದೇ ಆ ರಾತ್ರಿಯ ಕೆಲಸವಾಗಿತ್ತು.

ಅಂದು ರಾತ್ರಿ ಎರಡು ಗಂಟೆಗೆ ನಾನು ಎಚ್ಚರವಾಗಿದ್ದೆ, ಆದರೆ ಪ್ರಶ್ನೆ ಬರಲಿಲ್ಲ. ನಾನಿಲ್ಲದಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಲೆಕ್ಕ ಹಾಕಿ ಹೇಳಬಹುದಾದ ಉತ್ತರವಿತ್ತು: ಸುಮಾರು ನೂರೈವತ್ತು ತಟ್ಟೆ.

ಹಿಮದ ದಿನದ ಬಿಸಿನೀರು ಸಾಬೂನುಗಳು ಕೈಯನ್ನು ಒಡೆದಿದ್ದವು. ಬೆರಳ ಸಂದಿನಲ್ಲಿ ನೀರು ತಿಂದ ಬಿಳಿಯ ಬಿರುಕುಗಳು. ಅವನ್ನು ನಾನು ಎಲ್ಲಿಯೋ ಕಂಡಿದ್ದೆ. ನನ್ನ ತಂದೆ ಬಾಲ್ಯದಲ್ಲಿ ಊರು ಬಿಟ್ಟು ಮುಂಬಯಿಗೆ ಹೋಗಿ, ಕೋಟೆ ಪ್ರದೇಶದ ಒಂದು ಹೋಟೆಲಿನಲ್ಲಿ ಹಗಲು ಕ್ಲೀನರಾಗಿದ್ದು, ಇರುಳು ಕನ್ನಡಿಗರ ರಾತ್ರಿಶಾಲೆಯಲ್ಲಿ ಓದಿ, ಮುಂದೆ ಬ್ಯಾಂಕಿನ ಗುಮಾಸ್ತರಾದವರು. ಕರಾವಳಿಯ ಎಷ್ಟೋ ಮನೆಗಳಲ್ಲಿ ಹೀಗೆ ಒಬ್ಬರಾದರೂ ಇದ್ದಾರೆ, ಇದರಲ್ಲಿ ವಿಶೇಷವಿಲ್ಲ. ಮಳೆಗಾಲ ಬಂತೆಂದರೆ ಅವರ ಬೆರಳ ಸಂದಿನ ಹಳೆಯ ಗಾಯಗಳು ಮರುಕಳಿಸುತ್ತಿದ್ದವು; ತಾಯಿ ತೆಂಗಿನೆಣ್ಣೆ ಕಾಯಿಸಿ ಹಚ್ಚುತ್ತಿದ್ದಳು. ಆ ವರ್ಷಗಳ ಬಗ್ಗೆ ಅವರು ಮಾತಾಡುತ್ತಿರಲಿಲ್ಲ. ನಾಚಿಕೆಯಿಂದ ಇರಬೇಕೆಂದು ಮನೆಯವರೆಲ್ಲರ ಎಣಿಕೆ. ಲಂಡನ್ನಿನಿಂದ ದೂರವಾಣಿಯಲ್ಲಿ ತಾಯಿಗೆ ನನ್ನ ಕೆಲಸವೇನೆಂದು ತಿಳಿಸಿದಾಗ ಅವಳು ತುಸು ಹೊತ್ತು ಸುಮ್ಮನಿದ್ದು, "ನಾಲ್ಕು ವರ್ಷದಲ್ಲಿ ನನ್ನ ಕೈಯಿಂದ ಒಂದು ಗ್ಲಾಸೂ ಒಡೆಯಲಿಲ್ಲ ಅಂತ ಮದುವೆಯಾದ ಹೊಸದರಲ್ಲಿ ಹೇಳಿದ್ದರು" ಎಂದಳು. ಅದು ನಾಚಿಕೆ ಪಟ್ಟವನ ಮಾತಲ್ಲ.

ಈ ಕೆಲಸವನ್ನು ಕುರಿತು ಬರೆದವರು ಅಪರೂಪವೆಂದೆ, ಬರೆದವರಲ್ಲಿ ಅಗ್ರಗಣ್ಯನೊಬ್ಬನಿದ್ದಾನೆ. ನಮ್ಮ ಬಿಹಾರದ ಮೋತಿಹಾರಿಯಲ್ಲಿ 1903ರಲ್ಲಿ ಹುಟ್ಟಿದ ಜಾರ್ಜ್ ಆರ್ವೆಲ್, 1929ರಲ್ಲಿ ಪ್ಯಾರಿಸ್ಸಿನಲ್ಲಿ ಕೈಬರಿದಾಗಿ ಒಂದು ವೈಭವದ ಹೋಟೆಲಿನ ನೆಲಮಾಳಿಗೆಯಲ್ಲಿ ಮುಳುಗುಗಾರನಾಗಿದ್ದ. ಆ ಅನುಭವದ ಪುಸ್ತಕ ಹೊರಬಂದದ್ದು 1933ರಲ್ಲಿ. ಮುಳುಗುಗಾರನು ಈ ಕಾಲದ ಗುಲಾಮ. ಅವನ ದುಡಿಮೆಯಲ್ಲಿ ಕಲೆಯಿಲ್ಲ, ಯೋಚಿಸಲು ಬಿಡುವಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಅವನು ಬೆವರು ಸುರಿಸುವುದು ಯಾರಿಗೂ ನಿಜವಾದ ಸುಖ ಕೊಡದ ಹುಸಿ ವೈಭವಕ್ಕಾಗಿ. ಆದ್ದರಿಂದ ಆ ದುಡಿಮೆ ವ್ಯರ್ಥವೆಂಬುದು ಅವನ ವಾದದ ತಿರುಳು. ಈ ಪುಸ್ತಕವನ್ನು ನಾನು ಬಸ್ಸಿನಲ್ಲಿ ಓದಿ ಮುಗಿಸಿದೆ. ಕೂಲಿಯ ವಿಷಯದಲ್ಲಿ, ದುಡಿಮೆಯ ಅವಧಿಯ ವಿಷಯದಲ್ಲಿ ಅವನು ಹೇಳಿದ್ದು ಅಕ್ಷರಶಃ ಸತ್ಯ. ವಾರಕ್ಕೆ ಇಪ್ಪತ್ತು ಗಂಟೆ ದುಡಿದ ನಾನು, ಅದರ ಮೂರು ನಾಲ್ಕು ಪಟ್ಟು ದುಡಿದವನೊಡನೆ ತಗ್ಗಿಯೇ ಮಾತಾಡಬೇಕು. ಆದರೂ ವ್ಯರ್ಥವೆಂಬ ಮಾತನ್ನು ಒಪ್ಪಲಾರೆ. ಏಳು ಬಡಿಸಾಣಿಕೆಯ ಊಟ ಲೋಕಕ್ಕೆ ಬೇಕೇ ಎಂಬುದು ಉಣ್ಣುವವನನ್ನು ಕೇಳಬೇಕಾದ ಪ್ರಶ್ನೆ. ಉಂಡಾದ ಮೇಲೆ ತಟ್ಟೆ ಕೊಳೆಯಾಗಿದೆಯೆಂಬುದು ಪ್ರಶ್ನೆಯಲ್ಲ. ಅರಮನೆಯ ಪಂಕ್ತಿಯಾಗಲಿ, ಆಸ್ಪತ್ರೆಯ ಗಂಜಿಯಾಗಲಿ, ಕೊಳೆ ಒಂದೇ; ಮರುದಿನ ಅದರಲ್ಲಿಯೇ ಉಣ್ಣುವವನ ಆರೋಗ್ಯ ಅದನ್ನು ತೊಳೆದವನ ಕೈಯಲ್ಲಿದೆ. ಕಲೆಯಿಲ್ಲವೆಂಬ ಮಾತಿಗೆ ಹಿರಿಯರು ತಾಮ್ರ ಬೆಳಗುವುದನ್ನು ಒಮ್ಮೆ ತೋರಿಸಿದ್ದರೆ ಸಾಕಾಗಿತ್ತು. ಆದರೆ ಮುಳುಗುಗಾರರಿಗೆ ಒಂದು ಬಗೆಯ ಹೆಮ್ಮೆಯುಂಟು, ಎಷ್ಟೇ ಕೆಲಸ ಬಂದರೂ ಎದುರಿಸಬಲ್ಲೆನೆಂಬ ಹೆಮ್ಮೆ, ಎಂದು ಅದೇ ಆರ್ವೆಲ್ ಗುರುತಿಸಿದ್ದಾನೆ. ಗುರುತಿಸಿಯೂ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ನಾನು ಅಲ್ಲಿ ಇದ್ದ ದಿನಗಳಲ್ಲಿ ಲಂಡನ್ನಿನ ಅಡಿಗೆಮನೆಗಳಲ್ಲಿ ಓಡಾಡುತ್ತಿದ್ದ ಒಂದು ಸುದ್ದಿ ಡೆನ್ಮಾರ್ಕಿನದು. ಕೋಪನ್ ಹೇಗನ್ನಿನ 'ನೋಮಾ' ಎಂಬ ಊಟದ ಮನೆ 2010ರಲ್ಲಿ ಜಗತ್ತಿನಲ್ಲಿಯೇ ಮೊದಲನೆಯದೆಂಬ ಹೆಸರು ಪಡೆಯಿತು. ಬಹುಮಾನ ಸಮಾರಂಭ ಲಂಡನ್ನಿನಲ್ಲಿ. ಅಲ್ಲಿ ಪಾತ್ರೆ ತೊಳೆಯುತ್ತಿದ್ದ ಆಲಿ ಸೊಂಕೊ ಎಂಬವರಿಗೆ ಇಂಗ್ಲೆಂಡಿನ ಪ್ರವೇಶಪತ್ರ ದೊರೆಯಲಿಲ್ಲ. ಸಂಗಡಿಗರೆಲ್ಲ ಅವರ ಮುಖದ ಚಿತ್ರವಿದ್ದ ಅಂಗಿ ತೊಟ್ಟು ವೇದಿಕೆ ಹತ್ತಿದರು. ಎರಡು ವರ್ಷದ ಮೇಲೆ ಅವರೇ ವೇದಿಕೆಯಲ್ಲಿ ನಿಂತು ಮಾತಾಡಿದರು. ಗ್ಯಾಂಬಿಯಾ ದೇಶದಲ್ಲಿ ಬೇಸಾಯ ಮಾಡಿಕೊಂಡಿದ್ದು ಡೆನ್ಮಾರ್ಕಿಗೆ ಬಂದು, 2003ರಲ್ಲಿ ಆ ಊಟದ ಮನೆ ತೆರೆದಂದಿನಿಂದ ಅಲ್ಲಿಯೇ ಇದ್ದವರು. 2017ರಲ್ಲಿ, ಅವರ ಅರವತ್ತೆರಡನೆಯ ವಯಸ್ಸಿನಲ್ಲಿ, ಒಡೆಯ ರೆನೆ ರೆಡ್ಜೆಪಿ ಅವರನ್ನು ವ್ಯಾಪಾರದ ಪಾಲುದಾರರನ್ನಾಗಿ ಮಾಡಿಕೊಂಡ. ರೆಡ್ಜೆಪಿಯ ತಂದೆಯ ಹೆಸರೂ ಆಲಿ. ಪರದೇಶದಿಂದ ಬಂದು ಪಾತ್ರೆ ತೊಳೆದವನೇ. ಕಥೆ ಚೆಂದವಾಗಿದೆ, ಆದರೆ ಅರ್ಧಕ್ಕೆ ನಿಲ್ಲಿಸಬಾರದು. ಅದೇ ಊಟದ ಮನೆ ಕಲಿಯಲು ಬಂದ ತರುಣ ತರುಣಿಯರಿಗೆ ಸಂಬಳ ಕೊಡತೊಡಗಿದ್ದು 2022ರಲ್ಲಿ; ಅಲ್ಲಿಯವರೆಗೆ ಅವರು ಬಿಟ್ಟಿ ದುಡಿದರು. ಒಬ್ಬನಿಗೆ ಪಾಲು ಕೊಟ್ಟದ್ದರಿಂದ ಅನೇಕರಿಗೆ ಕೂಲಿ ಕೊಡದಿದ್ದುದು ಮುಚ್ಚಿಹೋಗದು. ದುಡಿಮೆಗೆ ಗೌರವವುಂಟೆಂದು ಭಾಷಣ ಮಾಡುವವರು ಮೊದಲು ಅದರ ಸಂಬಳವನ್ನು ಹೇಳಿ ಆಮೇಲೆ ಗೌರವದ ಮಾತಿಗೆ ಬರುವುದು ಒಳ್ಳೆಯದು.

ನಮ್ಮವರಲ್ಲಿ ಈ ತೊಳೆಯುವ ಕೋಣೆಯ ಬೆಲೆಯನ್ನು ಬಹು ಬೇಗ ಅರಿತವರು ಬೆಂಗಳೂರಿನ ಯಜ್ಞನಾರಾಯಣ ಮಯ್ಯರು. ಅವರ ಬ್ರಾಹ್ಮಣ ಕಾಫಿ ಕ್ಲಬ್ಬು ಆರಂಭವಾದದ್ದು 1924ರಲ್ಲಿ. 1960ರಲ್ಲಿ ಅದಕ್ಕೆ ಮಾವಳ್ಳಿ ಟಿಫಿನ್ ರೂಮ್ಸ್ ಎಂಬ ಹೆಸರಾಯಿತು. 1951ರಲ್ಲಿ ಮಯ್ಯರು ಯೂರೋಪಿಗೆ ಹೋಗಿ ಅಲ್ಲಿನ ಊಟದ ಮನೆಗಳನ್ನು ನೋಡಿ ಬಂದರು. ಪರದೇಶಕ್ಕೆ ಹೋದ ಹೋಟೆಲಿನವನು ಹೊಸ ತಿಂಡಿಯ ಪಾಕ ತರುವನೆಂದು ಯಾರಾದರೂ ಎಣಿಸಬಹುದು. ಅವರು ತಂದದ್ದು ಶುಚಿಯ ಪಾಕ. ಲೋಟ, ತಟ್ಟೆ, ಚಮಚಗಳನ್ನು ಕ್ರಿಮಿರಹಿತ ಮಾಡುವ ಏರ್ಪಾಡು ಹೋಟೆಲಿಗೆ ಬಂತು. ಉಣ್ಣುವವರ ನಡವಳಿಕೆ ಹೇಗಿರಬೇಕೆಂದು ಗಿರಾಕಿಗಳಿಗೂ ಕಿರುಹೊತ್ತಗೆ ಹಂಚಿದರು. ಎಂಜಲಿನ ಭಯವನ್ನು ಪಂಚಗವ್ಯದಿಂದ ನೀಗುತ್ತಿದ್ದ ಸಮಾಜಕ್ಕೆ ಬಿಸಿನೀರಿನಿಂದ ನೀಗಬಹುದೆಂದು ತೋರಿಸಿದ್ದು ಸಣ್ಣ ಸುಧಾರಣೆಯಲ್ಲ. ನಮ್ಮ ಸುಧಾರಕರ ಪಟ್ಟಿಯಲ್ಲಿ ಹೋಟೆಲಿನವರ ಹೆಸರು ಬರುವುದಿಲ್ಲ. ಬರಬೇಕೆಂದು ನನ್ನ ಮತ.

2011ರ ನವೆಂಬರಿನಲ್ಲಿ ನಾನು ಆ ಕೆಲಸ ಬಿಟ್ಟೆ. ಪದವಿ ಕೈಗೆ ಬಂದಿತ್ತು. ಪ್ರವೇಶಪತ್ರದ ಅವಧಿ ತೀರುತ್ತಿತ್ತು. ಊರಿನಲ್ಲಿ ಪಾಠ ಹೇಳುವ ಕೆಲಸವೇ ಮತ್ತೆ ಕಾದಿತ್ತು. ಇಂದಿಗೂ ಅದನ್ನೇ ಮಾಡುತ್ತಿದ್ದೇನೆ. ಪಾಠ ಹೇಳುವುದಕ್ಕಿಂತ ಪಾತ್ರೆ ತೊಳೆಯುವುದು ಮೇಲೆಂದು ನಾನೆಂದೂ ಹೇಳಲಾರೆ. ನನಗೆ ಹೊರಗೆ ಹೋಗುವ ಬಾಗಿಲಿತ್ತು, ಹಿರಿಯರಿಗೆ ಅದಿರಲಿಲ್ಲ. ಈ ವ್ಯತ್ಯಾಸವನ್ನು ಮರೆತು ನಾನು ಬರೆದರೆ ಅದು ಪ್ರವಾಸಿಯ ಬರೆಹವಾದೀತು. ಆದರೆ ಪಾಠದ ಕೋಣೆಯಲ್ಲಿ ಹಿಂದಿನ ಸಾಲಿನ ಹುಡುಗನಿಗೆ ಒಂದು ಇಸವಿ ಸರಿಯಾಗಿ ತಲುಪಿತೇ ಇಲ್ಲವೇ ಎಂದು ಈಗ ನೋಡಿಕೊಳ್ಳುತ್ತೇನೆ. ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವಂತೆ. ತಲುಪದಿದ್ದರೆ ಮತ್ತೊಮ್ಮೆ ತಿಕ್ಕುತ್ತೇನೆ.

ಕೊನೆಯ ರಾತ್ರಿ ಯಂತ್ರದ ಜಾಲರಿ ಬಿಚ್ಚಿ ತೊಳೆದು, ನೆಲ ಉಜ್ಜಿ, ಮೇಲುಡುಪನ್ನು ಬುಟ್ಟಿಗೆ ಹಾಕಿ ಹೊರಟಾಗ ಹಿರಿಯರು ಕೈಕುಲುಕಿದರು. ಬೀಳ್ಕೊಡುಗೆಯ ಮಾತೇನೂ ಆಗಲಿಲ್ಲ. ಮರುದಿನದ ಔತಣಕ್ಕೆ ಅರವತ್ತು ಜನ ಬರುವರೆಂಬ ಯೋಚನೆಯಲ್ಲಿ ಅವರಿದ್ದರು. ನನ್ನ ಸ್ಥಳಕ್ಕೆ ನೇಪಾಳದ ಒಬ್ಬ ಹುಡುಗ ಬಂದನೆಂದು ಆಮೇಲೆ ಕೇಳಿದೆ. ಅವನಿಗೂ ಮೊದಲ ದಿನ ಚಾಕುವಿನ ಪಾಠ ಒಂದೇ ಆಯಿತಂತೆ.